ತೀರ್ಥಹಳ್ಳಿ ಕಡೆಯ ಮಣ್ಣುರಸ್ತೆಗೆ 8 ಲಕ್ಷದೊಳಗೆ ಯಾವ ಕಂಪನಿ ಕಾರು? ಹತ್ತು ವರ್ಷ ಬಾಳಿಕೆ ಬರಬೇಕು

ತೋಟದ ದಾರಿ
ಎಲ್ಲರಿಗೂ ನಮಸ್ಕಾರ. ಕಾರು ತಗೊಳ್ಳೋದು ತೀರ್ಮಾನ ಆಗಿದೆ, ಯಾವ ಕಂಪನಿದು ಅನ್ನೋದು ಆಗಿಲ್ಲ. ಆನ್‌ರೋಡ್ 8 ಲಕ್ಷದ ಒಳಗೆ ಮುಗಿಯಬೇಕು.

ಡಾಂಬರು ರಸ್ತೆಯಿಂದ ಮನೆಗೆ ಒಂದೂವರೆ ಕಿ.ಮೀ. ಮಣ್ಣುರಸ್ತೆ, ಕೊನೆಯ 200 ಮೀಟರ್ ಏರು. ಜೂನ್‌ನಿಂದ ಸೆಪ್ಟೆಂಬರ್ ತನಕ ಅದು ಹೇಗಿರುತ್ತೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ದಿನಾ ಶಾಲೆ ಬಸ್ಸಿನ ತನಕ 3 ಕಿ.ಮೀ., ವಾರಕ್ಕೊಮ್ಮೆ ತೀರ್ಥಹಳ್ಳಿ, ತಿಂಗಳಿಗೆ ಎರಡು ಸಲ ಶಿವಮೊಗ್ಗ, ಒಂದು ಸಲ ಆಗುಂಬೆ ಘಾಟಿ ಇಳಿದು ಮಣಿಪಾಲ. ಒಟ್ಟು ತಿಂಗಳಿಗೆ 800 ಕಿ.ಮೀ. ಆಸುಪಾಸು.

ಪಟ್ಟಿಯಲ್ಲಿರೋದು: ವ್ಯಾಗನ್ ಆರ್ 1.2, ಟಾಟಾ ಪಂಚ್, ಹ್ಯುಂಡೈ ಎಕ್ಸ್‌ಟರ್. ಇಲ್ಲಾಂದ್ರೆ 2017-18ರ ಬೊಲೆರೊ ಸೆಕೆಂಡ್ ಹ್ಯಾಂಡ್. ಬೆಂಗಳೂರಿನ ವಿಡಿಯೊಗಳಲ್ಲಿ ಸನ್‌ರೂಫು, ಸ್ಕ್ರೀನು ಅಂತಲೇ ಅರ್ಧ ಗಂಟೆ ಹೋಗುತ್ತೆ. ಮಳೆಗಾಲದಲ್ಲಿ ಯಾವುದು ಕೈ ಕೊಡಲ್ಲ, ಕೊಟ್ಟರೂ ಯಾವುದು ಬೇಗ ರಿಪೇರಿ ಆಗುತ್ತೆ, ಅಷ್ಟು ಹೇಳಿ.

ಒಂದೇ ಮಾತು
ಬೊಲೆರೊ. ಬೇರೆ ಯೋಚನೆ ಬೇಡ.

ಗ್ರೀಸ್‌ಗನ್
ಬೊಲೆರೊ ವಿಷಯಕ್ಕೆ ಆಮೇಲೆ ಬರೋಣ. ಮೊದಲು "ಕೈ ಕೊಡೋದು" ಅಂದ್ರೆ ಎಂಥದು ಅಂತ ನೋಡಿ.

ಈಗಿನ ಸಣ್ಣ ಪೆಟ್ರೋಲ್ ಇಂಜಿನ್‌ಗಳಲ್ಲಿ ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದರೆ ಒಂದೂವರೆ ಲಕ್ಷ ಕಿ.ಮೀ. ತನಕ ಇಂಜಿನ್ ಬಿಚ್ಚೋ ಕೆಲಸ ಬರೋದು ಅಪರೂಪ. ಮಾರುತಿ, ಹ್ಯುಂಡೈ, ಟೊಯೋಟಾ, ಹೋಂಡಾ ಎಲ್ಲವೂ ಈ ವಿಷಯದಲ್ಲಿ ಹತ್ತಿರ ಹತ್ತಿರ. ಮಲೆನಾಡಲ್ಲಿ ಗಾಡಿಯನ್ನ ತಿನ್ನೋದು ಕೆಳಗಿನ ಭಾಗ. ಲಿಂಕ್ ರಾಡ್, ಲೋಯರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಆಕ್ಸಲ್ ಬೂಟ್, ಹಬ್ ಬೇರಿಂಗ್. ಅದು ಬಿಟ್ರೆ ಏರಿಗೆ ತೇಯೋ ಕ್ಲಚ್, ಕೆಸರಿಗೆ ಹಿಡ್ಕೊಳ್ಳೋ ಬ್ರೇಕ್ ಪಿನ್, ಇಲಿ ಕಡಿಯೋ ವೈರು.

ಆಕ್ಸಲ್ ಬೂಟ್ ಒಂದನ್ನೇ ತಗೊಳ್ಳಿ. ಬರೀ ರಬ್ಬರ್ ಚೀಲ. ಕಲ್ಲಿಗೋ ಕಡ್ಡಿಗೋ ಸಿಕ್ಕಿ ಸೀಳಿದರೆ ಗ್ರೀಸ್ ಹೊರಗೆ ಹಾರುತ್ತೆ, ಕೆಸರು ಒಳಗೆ ಹೋಗುತ್ತೆ. ಪೂರ್ತಿ ಸ್ಟೀರಿಂಗ್ ತಿರುಗಿಸಿ ಹೊರಟಾಗ ಕಟಕಟ ಅನ್ನೋಕೆ ಶುರುವಾದ ಮೇಲೆ ಬೂಟ್ ಹಾಕಿ ಪ್ರಯೋಜನ ಇಲ್ಲ, ಜಾಯಿಂಟೇ ಹೋಗಿರುತ್ತೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಗ್ಗಿ ಟಾರ್ಚ್ ಹಾಕಿ ನೋಡಿದರೆ ಸಾಕು. ಚಕ್ರದ ಒಳಮೈ ಮೇಲೆ ಕಪ್ಪು ಗ್ರೀಸ್ ಎರಚಿದ ಗೆರೆ ಕಂಡರೆ ಬೂಟ್ ಹರಿದಿದೆ ಅಂತಲೇ ಲೆಕ್ಕ.

ಹಾಗಾಗಿ ಶೋರೂಮಿಗೆ ಹೋಗೋಕೆ ಮುಂಚೆ ತೀರ್ಥಹಳ್ಳಿಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ. ನಿಮ್ಮ ಪಟ್ಟಿಯ ಒಂದೊಂದು ಕಾರಿಗೂ ಐದು ಸಾಮಾನು ಕೇಳಿ: ಲೋಯರ್ ಆರ್ಮ್, ಲಿಂಕ್ ರಾಡ್, ಆಕ್ಸಲ್ ಬೂಟ್, ಕ್ಲಚ್ ಸೆಟ್, ಮುಂದಿನ ಹಬ್ ಬೇರಿಂಗ್. ಕಪಾಟಲ್ಲಿ ಇದೆಯಾ, ಶಿವಮೊಗ್ಗದಿಂದ ಬಸ್ಸಿಗೆ ಹಾಕಿಸಬೇಕಾ, ಕಂಪನಿಗೆ ಆರ್ಡರ್ ಕೊಟ್ಟು ಕಾಯಬೇಕಾ? ಯೂಟ್ಯೂಬಿನ ಯಾವ ರ‍್ಯಾಂಕಿಂಗಿಗಿಂತಲೂ ಇದು ನಂಬಿಕೆಯ ಲೆಕ್ಕ. ನಾನು ಮಾರುತಿ ಕಡೆ ವಾಲೋದು ಇದೇ ಕಾರಣಕ್ಕೆ. ಒಂದೇ ಸಾಮಾನನ್ನ ನಾಲ್ಕೈದು ಕಂಪನಿ ಮಾಡುತ್ತೆ, ಹೋಬಳಿ ಮಟ್ಟದ ಮೆಕ್ಯಾನಿಕ್‌ಗೂ ಕೈ ಕುದುರಿರುತ್ತೆ.

ಕೆಎ 15
ಪಾರ್ಟ್ಸ್ ಮಾತು ಒಪ್ಪಿದೆ. ಆದ್ರೆ ಮಕ್ಕಳನ್ನ ಕೂರಿಸ್ಕೊಂಡು ದಿನಾ ಓಡಾಡೋ ಗಾಡಿ ಇದು, ಸುರಕ್ಷತೆ ಬಿಟ್ಟು ಬಾಳಿಕೆ ಮಾತಾಡೋದು ಸರಿಯಲ್ಲ. ಪಂಚ್ 2021ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ ಅನ್ನೋ ಸಂಸ್ಥೆಯ ಡಿಕ್ಕಿ ಪರೀಕ್ಷೆಯಲ್ಲಿ ದೊಡ್ಡವರ ಸುರಕ್ಷತೆಗೆ 5 ಸ್ಟಾರ್ ತಗೊಂಡಿದೆ. ವ್ಯಾಗನ್ ಆರ್‌ಗೆ 2023ರಲ್ಲಿ ಸಿಕ್ಕಿದ್ದು 1 ಸ್ಟಾರ್. ನೆಲದಿಂದ ಎತ್ತರ ಪಂಚ್‌ಗೆ 187 ಮಿ.ಮೀ., ವ್ಯಾಗನ್ ಆರ್‌ಗೆ 165. ಕಾರು ತುಂಬಾ ಜನ ಕೂತರೆ ಇನ್ನೂ ಇಳಿಯುತ್ತೆ. ಚಕ್ರದ ಗುಂಡಿ ಆಳ ಆದ ಮಣ್ಣುರಸ್ತೆಯಲ್ಲಿ ನಡುವಿನ ದಿಬ್ಬ ಸೀದಾ ಆಯಿಲ್ ಚೇಂಬರಿಗೆ ತಾಗುತ್ತೆ. ಆ 22 ಮಿ.ಮೀ. ಸಣ್ಣದಲ್ಲ.

ಗ್ರೀಸ್‌ಗನ್
@ಕೆಎ 15, ಸ್ಟಾರ್ ವಿಷಯದಲ್ಲಿ ನಿಮ್ಮ ಜೊತೆ ವಾದ ಇಲ್ಲ. ಅದು ನಿಜವಾದ ಕೊರತೆ. ಎತ್ತರದ ಬಗ್ಗೆ ಮಾತ್ರ ಒಂದು ಮಾತು: ಚೇಂಬರ್ ಕೆಳಗೆ ದಪ್ಪ ತಗಡಿನ ಸ್ಕಿಡ್ ಪ್ಲೇಟ್ ಕಟ್ಟಿಸಿದರೆ ಸಣ್ಣ ಕಾರೂ ಬದುಕುತ್ತೆ. ಆಯಿಲ್ ಇಳಿಸೋ ಬೋಲ್ಟಿನ ನೇರಕ್ಕೆ ತೂತು ಇರಬೇಕು, ಗಾಳಿ ಆಡೋಕೆ ಸೀಳು ಇರಬೇಕು. ಸ್ಪ್ರಿಂಗ್ ಮೇಲೆ ರಬ್ಬರ್ ಇಟ್ಟು ಎತ್ತರ ಮಾಡೋದು ಬೇಡವೇ ಬೇಡ. ಆಕ್ಸಲ್ ಕೋನ ಬದಲಾಗಿ ಜಾಯಿಂಟೇ ಮೊದಲು ಹೋಗುತ್ತೆ.

ಶರಾವತಿ ಹಿನ್ನೀರು
ಪಂಚ್‌ನಲ್ಲೂ ಎಕ್ಸ್‌ಟರ್‌ನಲ್ಲೂ ಟಾಪ್ ಮಾಡೆಲ್ ಆಸೆ ಬಿಡಿ ಅಂತ ನನ್ನ ಸಲಹೆ. ಟೈರ್ ಸೈಜ್ ನೋಡಿ. ಪಂಚ್‌ನ ಕೆಳಗಿನ ಮಾಡೆಲ್‌ಗಳಿಗೆ 185/70 ಆರ್ 15, ಮೇಲಿನದಕ್ಕೆ 195/60 ಆರ್ 16. ಲೆಕ್ಕ ಹಾಕಿದರೆ ಮೊದಲನೆಯದರ ಟೈರಿನ ಗೋಡೆ 130 ಮಿ.ಮೀ. ಹತ್ತಿರ, ಎರಡನೆಯದು 117. ಕಲ್ಲಿಗೆ ಬಡಿದಾಗ ಪೆಟ್ಟು ತಿನ್ನಬೇಕಾದ್ದು ಆ ರಬ್ಬರ್ ಗೋಡೆ. ಅದು ಗಿಡ್ಡ ಆದಷ್ಟೂ ಪೆಟ್ಟು ಡಿಸ್ಕಿಗೆ ಹೋಗುತ್ತೆ. ಸ್ಟೀಲ್ ಡಿಸ್ಕ್ ಸೊಟ್ಟ ಆದರೆ ಊರಲ್ಲೇ ಬಡಿದು ನೇರ ಮಾಡ್ತಾರೆ, ಅಲಾಯ್ ಬಿರುಕು ಬಿಟ್ಟರೆ ಹೊಸದೇ ಗತಿ.

ಕಾನೂನು ಪ್ರಕಾರ ಟೈರ್ ಹಲ್ಲು 1.6 ಮಿ.ಮೀ. ತನಕ ಓಡಿಸಬಹುದು. ನಮ್ಮ ಮಳೆಗೆ ಅದು ಸಾಲದು. 3 ಮಿ.ಮೀ.ಗೆ ಬಂದಾಗಲೇ ಬದಲಿಸಿ, ಅದೂ ಮೇ ತಿಂಗಳಲ್ಲಿ.

ಜಡಿಮಳೆ
8 ಲಕ್ಷ ಆನ್‌ರೋಡ್ ಅಂದ್ರೆ ಎಕ್ಸ್‌ ಶೋರೂಮ್ ಎಷ್ಟು ಅಂತ ಮೊದಲು ಲೆಕ್ಕ ಹಾಕ್ಕೊಳ್ಳಿ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಗಾಡಿಗೆ ಆಜೀವ ತೆರಿಗೆ ಶೇ 14, ಅದರ ಮೇಲೆ ಸೆಸ್. ಆರೂವರೆ ಲಕ್ಷದ ಕಾರಿಗೆ ತೆರಿಗೆ ಮಾತ್ರವೇ 91 ಸಾವಿರ. ಹೊಸ ಕಾರಿಗೆ ಥರ್ಡ್ ಪಾರ್ಟಿ ವಿಮೆ 3 ವರ್ಷದ್ದು ಒಟ್ಟಿಗೆ ಕಟ್ಟಬೇಕು. ಹಾಗಾಗಿ ಆರೂವರೆ ಲಕ್ಷದ ಬೋರ್ಡು ನೋಡಿ, ಎಂಟರದ್ದಲ್ಲ. 2025ರ ಸೆಪ್ಟೆಂಬರ್ 22ರಿಂದ 4 ಮೀಟರ್ ಒಳಗಿನ ಸಣ್ಣ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದ ಮೇಲೆ ಈ ಬಜೆಟ್ಟಿಗೆ ಆಯ್ಕೆ ಜಾಸ್ತಿ ಆಗಿದೆ. ಅದಕ್ಕಿಂತ ಹಳೆಯ ವಿಡಿಯೊದ ಬೆಲೆ ಹಿಡ್ಕೊಂಡು ಕೂರಬೇಡಿ.

ಒಂದೇ ಮಾತು
ಈಗಲೂ ಹೇಳ್ತೀನಿ, ಮಣ್ಣುರಸ್ತೆ, ಏರು, ಅಡಿಕೆ ಮೂಟೆ ಅಂದ್ರೆ ಬೊಲೆರೊ. ಎಸ್ಟೇಟುಗಳಲ್ಲಿ ಸುಮ್ಮನೆ ಇಟ್ಕೊಂಡಿರ್ತಾರಾ?

ಬಸರೀಕಟ್ಟೆ ತಿರುವು
ಎಸ್ಟೇಟಿನವರು ಇಟ್ಕೊಂಡಿರೋದು ಹೊರೆಗೆ. ಇವರು ಕೇಳ್ತಿರೋದು ಮನೆಮಂದಿಯ ಓಡಾಟಕ್ಕೆ. ಎರಡಕ್ಕೂ ವ್ಯತ್ಯಾಸ ಇದೆ ಮಾರಾಯ್ರೆ.

ಬೊಲೆರೊ ಬೇಡ ಅನ್ನಲ್ಲ, ಗೊತ್ತಿದ್ದು ತಗೊಳ್ಳಿ. 2017-18ರಲ್ಲಿ ಎರಡು ಬೇರೆ ಬೇರೆ ಬೊಲೆರೊ ಮಾರಾಟದಲ್ಲಿದ್ದವು. ಒಂದು 2.5 ಲೀಟರ್ ಎಂ2ಡಿಐಸಿಆರ್ ಇಂಜಿನ್ನಿನ ಉದ್ದದ್ದು, 63 ಎಚ್‌ಪಿ. ಇನ್ನೊಂದು ಪವರ್ ಪ್ಲಸ್, 4 ಮೀಟರ್ ಒಳಗಿನದು, 1.5 ಲೀಟರ್ ಮೂರು ಸಿಲಿಂಡರಿನ ಎಂಹಾಕ್ ಡಿ70. ಆರ್‌ಸಿಯಲ್ಲಿ ಸಿಸಿ ನೋಡಿ: 2523 ಇದ್ದರೆ ದೊಡ್ಡದು, 1493 ಇದ್ದರೆ ಪವರ್ ಪ್ಲಸ್. ಓಡಿಸೋಕೆ ಪವರ್ ಪ್ಲಸ್ ಹಗುರ. ಇಂಜಿನ್ ಬೇರೆ ಆದ್ದರಿಂದ ಸಾಮಾನೂ ಬೇರೆ, ಅದನ್ನ ಮರೀಬೇಡಿ.

ಎರಡೂ ಹಿಂದಿನ ಚಕ್ರಕ್ಕೆ ಎಳೆತ. ಹಿಂದೆ ಖಾಲಿ ಇದ್ದರೆ ಹಿಂಭಾಗ ಹಗುರ ಆಗಿ ಜಾರುಮಣ್ಣಲ್ಲಿ ಚಕ್ರ ಸುಮ್ಮನೆ ತಿರುಗುತ್ತೆ, ಬಾಲ ಪಕ್ಕಕ್ಕೆ ಎಳೆಯುತ್ತೆ. ಹಿಂದಿನ ಆಕ್ಸಲ್ ಮೇಲೆ ಎರಡು ಮೂಟೆ ಮರಳು ಹಾಕ್ಕೊಂಡರೆ ಹತ್ತುತ್ತೆ. ನಾಲ್ಕೂ ಚಕ್ರದ ಎಳೆತ ಇದೆ ಅಂತ ತಿಳ್ಕೊಂಡು ತಗೊಳ್ಳೋರು ಇದ್ದಾರೆ. ಸಾಮಾನ್ಯ ಬೊಲೆರೊದಲ್ಲಿ ಅದಿಲ್ಲ.

ನೋಡೋಕೆ ಹೋದಾಗ: ಹಿಂದಿನ ಪಟ್ಟಾದಲ್ಲಿ (ಲೀಫ್ ಸ್ಪ್ರಿಂಗ್) ಎಲೆ ಮುರಿದಿದೆಯಾ, ಯು ಬೋಲ್ಟ್ ಸಡಿಲ ಇದೆಯಾ, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಜಾಯಿಂಟಲ್ಲಿ ಆಟ ಇದೆಯಾ, ಚಾಸಿಸ್ಸಿನ ಅಡ್ಡಪಟ್ಟಿ ತುಕ್ಕು ಹಿಡಿದಿದೆಯಾ. ಹೊರಗೆ ಹೊಳೆಯೋ ಬಣ್ಣ ನೋಡಬೇಡಿ, ಕೆಳಗೆ ಮಲಗಿ ನೋಡಿ.

ಜಡಿಮಳೆ
ಡೀಸೆಲ್ ಲೆಕ್ಕವನ್ನೂ ಬರೀತೀನಿ. ತಿಂಗಳಿಗೆ 800 ಅಂದ್ರೆ ವರ್ಷಕ್ಕೆ 9,600 ಕಿ.ಮೀ. ನಮ್ಮ ರಸ್ತೆಯಲ್ಲಿ ಸಣ್ಣ ಪೆಟ್ರೋಲ್ ಕಾರು ಲೀಟರಿಗೆ 16 ಕೊಟ್ಟರೆ 600 ಲೀಟರ್. ಲೀಟರಿಗೆ 100 ರೂಪಾಯಿ ಹಿಡಿದರೆ 60 ಸಾವಿರ. ಸಣ್ಣ ಡೀಸೆಲ್ ಕಾರು 20 ಕೊಟ್ಟರೆ 480 ಲೀಟರ್, 90ರಂತೆ 43,200. ಉಳಿತಾಯ ವರ್ಷಕ್ಕೆ 17 ಸಾವಿರದ ಒಳಗೆ. ಅದೂ ಸಣ್ಣ ಡೀಸೆಲ್ ಕಾರಿಗೆ. ಬೊಲೆರೊ 15-16 ಕೊಟ್ಟರೆ ಉಳಿಯೋದು ಬರೀ ಎರಡೂವರೆಯಿಂದ ಆರು ಸಾವಿರ. ಇಂಜೆಕ್ಟರ್, ಟರ್ಬೊ, ಡೀಸೆಲ್ ಫಿಲ್ಟರ್ ಅಂತ ಒಂದು ರಿಪೇರಿ ಬಂದರೆ ಆ ಲೆಕ್ಕ ಮಗುಚುತ್ತೆ.

2020ರ ಏಪ್ರಿಲ್ ನಂತರದ, ಬಿಎಸ್ 6 ಹೊಗೆ ನಿಯಮದ ಡೀಸೆಲ್ ಅಂತೂ ನಿಮ್ಮ ಓಡಾಟಕ್ಕೆ ಹೊಂದಲ್ಲ. ಅದರಲ್ಲಿ ಮಸಿ ಹಿಡಿಯೋ ಫಿಲ್ಟರ್, ಡಿಪಿಎಫ್ ಇರುತ್ತೆ. ಸೈಲೆನ್ಸರ್ ಚೆನ್ನಾಗಿ ಕಾದಾಗ ಮಾತ್ರ ಮಸಿ ಸುಟ್ಟುಹೋಗುತ್ತೆ. ಅದಕ್ಕೆ ಒಂದೇ ಸಮನೆ 15-20 ನಿಮಿಷ 60ರ ಮೇಲಿನ ವೇಗ ಬೇಕು. ದಿನಾ 3 ಕಿ.ಮೀ. ಹೋಗಿ ನಿಲ್ಲಿಸಿದರೆ ಅದು ಸುಡೋದೇ ಇಲ್ಲ. ಲೈಟ್ ಹತ್ತಿದ ಮೇಲೂ ಹಾಗೇ ಓಡಿಸಿದರೆ ಇಂಜಿನ್ ಎಳೆತ ಕಮ್ಮಿ ಆಗುತ್ತೆ. ಆಮೇಲೆ ಗಾಡಿಯ ಕಂಪ್ಯೂಟರ್ ಓದೋ ಸ್ಕ್ಯಾನರ್ ಇರೋ ಕಡೆ ಹೋಗಲೇಬೇಕು.

ಒಂದೇ ಮಾತು
ಡಿಪಿಎಫ್ ವಿಷಯ ಸರಿ. ಅದಕ್ಕೇ ಬಿಎಸ್ 4 ಬೊಲೆರೊ ಅಂದಿದ್ದು.

ಕೊಪ್ಪ ಲೈನು
ಟೊಯೋಟಾ ಯಾಕೆ ಯಾರೂ ಹೇಳ್ತಿಲ್ಲ? ಗ್ಲಾಂಜಾ ತಗೊಳ್ಳಿ, ಟೊಯೋಟಾ ಇಂಜಿನ್ ಎರಡು ಲಕ್ಷ ಕಿ.ಮೀ. ಆರಾಮ.

ಗ್ರೀಸ್‌ಗನ್
ಗ್ಲಾಂಜಾ ಅಂದ್ರೆ ಮಾರುತಿಯ ಬಲೇನೊವೇ. ಇಂಜಿನ್ ಸುಜುಕಿಯ ಕೆ12, ಕಾರು ತಯಾರಾಗೋದೂ ಸುಜುಕಿಯ ಗುಜರಾತ್ ಕಾರ್ಖಾನೆಯಲ್ಲಿ. ಒಳ್ಳೆ ಇಂಜಿನ್ನೇ, ಟೊಯೋಟಾದ್ದು ಮಾತ್ರ ಅಲ್ಲ. ಮುಂಚೆ ಗ್ಲಾಂಜಾಗೆ 3 ವರ್ಷ ಅಥವಾ 1 ಲಕ್ಷ ಕಿ.ಮೀ. ವಾರಂಟಿ, ಬಲೇನೊಗೆ 2 ವರ್ಷ ಅಥವಾ 40 ಸಾವಿರ ಅಂತ ವ್ಯತ್ಯಾಸ ಇತ್ತು. 2024ರ ಜುಲೈಯಿಂದ ಮಾರುತಿಯೂ 3 ವರ್ಷ, 1 ಲಕ್ಷ ಮಾಡಿತು. ಈಗ ಹತ್ತಿರದ ಸರ್ವಿಸ್ ಯಾವುದೋ ಅದು.

ಟೊಯೋಟಾದ್ದೇ ಇಂಜಿನ್ ಬೇಕು ಅಂದ್ರೆ ಈ ದುಡ್ಡಿಗೆ ಹಳೇ ಎಟಿಯೋಸ್. 2020ಕ್ಕೆ ನಿಂತಿತು. 1.5 ಪೆಟ್ರೋಲ್, 90 ಎಚ್‌ಪಿ, ಡ್ಯಾಶ್‌ಬೋರ್ಡ್ ನೋಡೋಕೆ ಸಾಧಾರಣ, ಕೆಳಭಾಗ ಗಟ್ಟಿ. ಬಾಡಿಗೆಗೆ ಓಡಿದ್ದು ಬೇಡ. ಬಿಳಿ ಬೋರ್ಡಿನದ್ದೇ ಆದ್ರೂ ಹಳದಿಯಿಂದ ಬದಲಾಗಿದ್ದಾ ಅಂತ ಆರ್‌ಸಿ ಇತಿಹಾಸ ತೆಗೆಸಿ.

ಹುಲಿಕಲ್ ಮಂಜು
ಸೆಕೆಂಡ್ ಹ್ಯಾಂಡ್ ರೆನೊ ಡಸ್ಟರ್? 205 ಮಿ.ಮೀ. ಎತ್ತರ, ಶಾಕ್ ಅಷ್ಟು ಚಂದ ಇರೋ ಗಾಡಿ ಈ ಬೆಲೆಗೆ ಸಿಗಲ್ಲ. ಫೋರ್ಡ್ ಇಕೋಸ್ಪೋರ್ಟ್ ಕೂಡ ಅಗ್ಗಕ್ಕೆ ಸಿಗ್ತಾ ಇದೆ.

ಬಸರೀಕಟ್ಟೆ ತಿರುವು
ಮಣ್ಣುರಸ್ತೆಗೆ ಡಸ್ಟರಿನ ಶಾಕ್ ಚಂದ, ನೂರಕ್ಕೆ ನೂರು ನಿಜ. ಆದ್ರೆ ಅದರ 1.5 ಡೀಸೆಲ್ಲಿಗೆ ಟೈಮಿಂಗ್ ಬೆಲ್ಟ್, ಚೈನ್ ಅಲ್ಲ. ಬೆಲ್ಟ್ ತುಂಡಾದರೆ ಪಿಸ್ಟನ್ ವಾಲ್ವಿಗೆ ಹೊಡೆದು ಇಂಜಿನ್ ಹೆಡ್ ಬಿಚ್ಚೋ ಕೆಲಸ ಬೀಳುತ್ತೆ. ಇಕೋಸ್ಪೋರ್ಟಿನ 1.5 ಡೀಸೆಲ್ಲೂ ಬೆಲ್ಟಿನದ್ದೇ. ಬದಲಿಸಿದ ಬಿಲ್ ತೋರಿಸದಿದ್ದರೆ ಬದಲಿಸಿಲ್ಲ ಅಂತಲೇ ತಿಳ್ಕೊಂಡು ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಮೂರೂ ಒಟ್ಟಿಗೆ ಹಾಕಿಸೋ ಖರ್ಚನ್ನ ಬೆಲೆಯಲ್ಲಿ ಕಳೀರಿ.

ಇನ್ನೊಂದು: ಫೋರ್ಡ್ 2021ರಲ್ಲಿ ಇಲ್ಲಿ ತಯಾರಿಕೆ ನಿಲ್ಲಿಸೋದಾಗಿ ಹೇಳಿತು, ಷೆವ್ರೊಲೆ 2017ರ ಕೊನೆಗೆ ಮಾರಾಟ ನಿಲ್ಲಿಸಿತು, ದಟ್ಸನ್ 2022ರಲ್ಲಿ ಹೋಯಿತು. ಓಡೋ ಸಾಮಾನು, ಅಂದ್ರೆ ಫಿಲ್ಟರ್, ಪ್ಯಾಡ್, ಬುಷ್ ಸಿಗುತ್ತೆ. ಬಂಪರು, ಹೆಡ್‌ಲೈಟು, ಬಾಗಿಲು, ಇಸಿಯು (ಇಂಜಿನ್ನಿನ ಕಂಪ್ಯೂಟರ್) ಹುಡುಕೋದು ಕಷ್ಟ. ದರೆಗೆ ತಾಗಿಸಿದ ಕಾರು ಒಂದು ಹೆಡ್‌ಲೈಟಿಗೆ ತಿಂಗಳುಗಟ್ಟಲೆ ನಿಂತರೆ ಅಗ್ಗಕ್ಕೆ ತಗೊಂಡು ಎಂಥ ಲಾಭ?

ತುಂಗಾ ಸೇತುವೆ
ಹೋಂಡಾ ಅಮೇಜ್ ಬಗ್ಗೆ ಒಂದು ಮಾತು. 1.2 ಇಂಜಿನ್ ಮೃದು, ಬಾಳಿಕೆಯದ್ದು. ಟ್ಯಾಪೆಟ್ ಗ್ಯಾಪ್ (ವಾಲ್ವ್ ಮತ್ತು ಅದನ್ನ ಒತ್ತೋ ಭಾಗದ ನಡುವಿನ ಸಂದು) ಮಾತ್ರ ಸ್ಕ್ರೂನಲ್ಲಿ ಕೈಯಿಂದ ಹೊಂದಿಸಬೇಕು, 40 ಸಾವಿರಕ್ಕೊಮ್ಮೆ ನೋಡಿಸಿ. ಅದೂ ಇಂಜಿನ್ ತಣ್ಣಗಿದ್ದಾಗ. ನಿಮ್ಮ ಏರಿಗೆ ಸೆಡಾನಿನ ಮೂತಿ ತಾಗುತ್ತಾ ಅಂತ ಓಡಿಸಿ ನೋಡದೆ ಮುಂದುವರೀಬೇಡಿ.

ತೋಟದ ದಾರಿ
ಎಲ್ಲರಿಗೂ ಧನ್ಯವಾದ. ಡೀಸೆಲ್ ಪಟ್ಟಿಯಿಂದ ತೆಗೆದೆ. ಆಟೋಮ್ಯಾಟಿಕ್ ಕೇಳೋದನ್ನ ಮರೆತಿದ್ದೆ. ಮನೆಯಲ್ಲಿ ಎಎಂಟಿ ಬೇಕು ಅಂತಿದ್ದಾರೆ. ಏರಿಗೆ ಆಗುತ್ತಾ?

ಗ್ರೀಸ್‌ಗನ್
ಎಎಂಟಿ ಅಂದ್ರೆ ಮಾಮೂಲಿ ಗೇರ್‌ಬಾಕ್ಸು, ಮಾಮೂಲಿ ಕ್ಲಚ್ಚು. ಒತ್ತೋ ಕೆಲಸ ಮಾತ್ರ ಕಾಲಿನ ಬದಲು ಯಂತ್ರ ಮಾಡುತ್ತೆ. ಏರಲ್ಲಿ ಆಕ್ಸಿಲರೇಟರ್ ಮೇಲೆ ಕಾಲಿಟ್ಟು ಗಾಡಿಯನ್ನ ಅಲ್ಲಲ್ಲೇ ತೂಗಿ ನಿಲ್ಲಿಸಿದರೆ ಕ್ಲಚ್ ಅರ್ಧ ಹಿಡಿದುಕೊಂಡೇ ಉಜ್ಜುತ್ತೆ, ಎರಡು ನಿಮಿಷಕ್ಕೆ ವಾಸನೆ ಬರುತ್ತೆ. ನಿಲ್ಲಿಸಬೇಕಾದ್ರೆ ಬ್ರೇಕ್ ಒತ್ತಿ, ಹೊರಡುವಾಗ ನಿರ್ಧಾರವಾಗಿ ಆಕ್ಸಿಲರೇಟರ್ ಕೊಡಿ. ಘಾಟಿಯಲ್ಲಿ ಲಿವರನ್ನ ಮ್ಯಾನ್ಯುಯಲ್ ಕಡೆ ತಳ್ಳಿ 2ನೇ ಗೇರಲ್ಲಿ ಹಿಡಿದಿಡಿ, ಇಲ್ಲಾಂದ್ರೆ ತಿರುವಿನ ನಡುವೆ ಗೇರ್ ಬದಲಿಸೋಕೆ ಹೋಗಿ ಎಳೆತ ತಪ್ಪುತ್ತೆ.

ಹತ್ತು ವರ್ಷದ ಲೆಕ್ಕಕ್ಕೆ ನನ್ನ ಮತ ಮ್ಯಾನ್ಯುಯಲ್ಲಿಗೆ. ಕ್ಲಚ್ ಒತ್ತೋ ಆ ಯಂತ್ರ, ಆಕ್ಚುಯೇಟರ್, ತೊಂದರೆ ಕೊಟ್ಟರೆ ಸ್ಕ್ಯಾನರ್ ಇಲ್ಲದೆ ಕೈ ಹಾಕೋಕಾಗಲ್ಲ, ತೀರ್ಥಹಳ್ಳಿಯಿಂದ 60 ಕಿ.ಮೀ. ಎಳೆಸಬೇಕು.

ಶರಾವತಿ ಹಿನ್ನೀರು
ಮ್ಯಾನ್ಯುಯಲ್ಲೇ. ಆಗುಂಬೆಯ 14 ತಿರುವು ಇಳಿಯುವಾಗ 2ನೇ ಗೇರು, ಬ್ರೇಕ್ ಒತ್ತಿ ಒತ್ತಿ ಬಿಡೋದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ, ತೇವ ಸೇರಿದಷ್ಟೂ ಬೇಗ ಕುದಿಯುತ್ತೆ, ಕುದ್ದರೆ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಕ್ಯಾಲಿಪರ್ ಪಿನ್ ವರ್ಷಕ್ಕೊಮ್ಮೆ ಬಿಚ್ಚಿ ಒರೆಸಿ, ಬ್ರೇಕಿಗೆ ಅಂತಲೇ ಇರೋ ಗ್ರೀಸ್ ಹಚ್ಚಿ. ಪಿನ್ ಜಾಮ್ ಆದರೆ ಒಂದು ಕಡೆ ಪ್ಯಾಡ್ ಮಾತ್ರ ತೇದು ಕಬ್ಬಿಣಕ್ಕೆ ಬರುತ್ತೆ.

ಜೀರುಂಡೆ
ಮಳೆಗಾಲದಲ್ಲಿ ನಾಲ್ಕು ದಿನ ಗಾಡಿ ತೆಗೆಯದಿದ್ದರೆ ಹಿಂದಿನ ಚಕ್ರ ಹಿಡ್ಕೊಳ್ಳುತ್ತಲ್ಲ, ಅದು ಯಾವ ಕಂಪನಿಯಲ್ಲೂ ತಪ್ಪಲ್ವಾ?

ಗ್ರೀಸ್‌ಗನ್
ಹಿಂದೆ ಡ್ರಮ್ ಬ್ರೇಕ್ ಇರೋ ಎಲ್ಲದರಲ್ಲೂ. ಒದ್ದೆ ಶೂ ಡ್ರಮ್ಮಿಗೆ ತುಕ್ಕಿನಿಂದ ಅಂಟುತ್ತೆ. ಸಮ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಹಾಕಬೇಡಿ. ಮೊದಲ ಗೇರಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಹಿಡಿದಿದ್ದರೆ ಜೋರಾಗಿ ಎಳೆಸಬೇಡಿ, ಲೈನಿಂಗ್ ಕಿತ್ತು ಬರುತ್ತೆ. ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ, ಚಕ್ರ ಕಳಚಿ ಡ್ರಮ್ ಮೇಲೆ ಮರದ ಕೊಡತಿಯಿಂದ ತಟ್ಟಿ.

ಕೊಪ್ಪ ಲೈನು
ಇಲಿಗೆ ಏನು ಮಾಡ್ತೀರಿ? ಅದು ಕಂಪನಿ ನೋಡಿ ಕಡಿಯಲ್ಲ.

ಜೀರುಂಡೆ
ರಾತ್ರಿ ಬಾನೆಟ್ ಎತ್ತಿಟ್ಟು ಒಂದು ಬಲ್ಬ್ ಹಾಕಿ. ಕತ್ತಲೆ, ಬಿಸಿ ಎರಡೂ ಇಲ್ಲದಿದ್ದರೆ ಕೂರಲ್ಲ. ಕಾರು ನಿಲ್ಲಿಸೋ ಜಾಗದಲ್ಲಿ ಹಿಂಡಿ, ಭತ್ತ ಇಡಬೇಡಿ. ಎಸಿ ಗಾಳಿ ಒಳಗೆ ಹೋಗೋ ಬಾಯಿಗೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಕಟ್ಟಿಸಿ, ಅಲ್ಲಿಂದಲೇ ಫಿಲ್ಟರಿಗೆ ಬಂದು ಗೂಡು ಮಾಡೋದು. ಅದೇ ಜಾಗದಲ್ಲಿ ವೈಪರ್ ಕೆಳಗೆ ದರಗು ತುಂಬಿ ನೀರು ಹೋಗೋ ತೂತು ಕಟ್ಟುತ್ತೆ, ಆಮೇಲೆ ಕಾಲಿನ ಮ್ಯಾಟ್ ಕೆಳಗೆ ನೀರು ಬರುತ್ತೆ. ವಾರಕ್ಕೊಮ್ಮೆ ಕೈ ಹಾಕಿ ತೆಗೀರಿ.

ಹುಲಿಕಲ್ ಮಂಜು
ಆಯಿಲ್ ಮುಚ್ಚಳ ತೆಗೆದಾಗ ಒಳಗೆ ಮಜ್ಜಿಗೆ ಹಾಗೆ ಬಿಳಿ ಕಾಣಿಸಿದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ಅರ್ಥ. ಸೆಕೆಂಡ್ ಹ್ಯಾಂಡ್ ನೋಡುವಾಗ ಅದನ್ನ ಮೊದಲು ನೋಡಿ.

ಗ್ರೀಸ್‌ಗನ್
ಯಾವಾಗಲೂ ಹಾಗಲ್ಲ, ಅಷ್ಟಕ್ಕೇ ಒಳ್ಳೆ ಗಾಡಿ ಬಿಡಬೇಡಿ. ಮಳೆಗಾಲದಲ್ಲಿ ಎರಡು ಮೂರು ಕಿ.ಮೀ. ಓಡಿ ನಿಲ್ಲೋ ಗಾಡಿಯ ಇಂಜಿನ್ ಪೂರ್ತಿ ಕಾಯಲ್ಲ, ಒಳಗಿನ ತೇವ ಆವಿಯಾಗಿ ಹೋಗದೆ ಮುಚ್ಚಳದ ತಣ್ಣನೆ ತಗಡಿಗೆ ಕೂತು ಆಯಿಲ್ ಜೊತೆ ಕಲೆಯುತ್ತೆ. ಆಯಿಲ್ ಅಳೆಯೋ ಕಡ್ಡಿ ತೆಗೆದು ನೋಡಿ. ಕಡ್ಡಿಯ ಆಯಿಲ್ ಶುದ್ಧ ಇದ್ದು, ಕೂಲೆಂಟ್ ಮಟ್ಟ ಇಳಿಯದಿದ್ದರೆ ಗ್ಯಾಸ್ಕೆಟ್ ಸರಿ ಇದೆ. ಕಡ್ಡಿಯಲ್ಲೂ ಬಿಳಿ, ಕೂಲೆಂಟೂ ಕಮ್ಮಿ ಅಂದ್ರೆ ಆಗ ನಿಮ್ಮ ಮಾತು ಸರಿ.

@ತೋಟದ ದಾರಿ, ನಿಮ್ಮ ಶಾಲೆ ಬಸ್ಸಿನ ಓಡಾಟ ಇದೇ ಥರದ್ದು. ಕಂಪನಿ 10 ಸಾವಿರ ಕಿ.ಮೀ. ಅಥವಾ ವರ್ಷ ಅಂದ್ರೂ ಆರು ತಿಂಗಳಿಗೆ ಆಯಿಲ್ ಬದಲಿಸಿ, ಮೇನಲ್ಲಿ ಒಂದು ಸಲ, ನವೆಂಬರಲ್ಲಿ ಒಂದು ಸಲ. ಸಣ್ಣ ಇಂಜಿನ್ನಿಗೆ ಹಿಡಿಸೋದು 3 ಲೀಟರ್ ಆಸುಪಾಸು. ಟೈಮಿಂಗ್ ಚೈನ್ ಇಂಜಿನ್ ಇರೋ ತನಕ ಇರುತ್ತೆ ಅಂತಾರಲ್ಲ, ಅದು ಆಯಿಲ್ ಶುದ್ಧ ಇದ್ದಾಗ ಮಾತ್ರ.

ಕೆಎ 15
ವಿಮೆಯಲ್ಲಿ ಎಂಜಿನ್ ಪ್ರೊಟೆಕ್ಟ್ ಸೇರಿಸೋದು ಮರೀಬೇಡಿ. ಸಾಮಾನ್ಯ ಪಾಲಿಸಿಯಲ್ಲಿ ಇಂಜಿನ್ನಿಗೆ ನೀರು ಹೊಕ್ಕಿದ್ದು ಬರಲ್ಲ. ಹಳ್ಳ ತುಂಬಿ ರಸ್ತೆ ಮೇಲೆ ಹರಿಯುವಾಗ ದಾಟೋದೇ ಬೇಡ. ಆಕಸ್ಮಾತ್ ನೀರಲ್ಲಿ ಇಂಜಿನ್ ನಿಂತರೆ ಸೆಲ್ಫ್ ಹೊಡೀಲೇಬಾರದು. ಪಿಸ್ಟನ್ ಗಾಳಿಯನ್ನ ಒತ್ತುತ್ತೆ, ನೀರನ್ನ ಒತ್ತೋಕಾಗಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತೆ. ತಳ್ಳಿ ಹೊರಗೆ ತಂದು ಏರ್ ಫಿಲ್ಟರ್ ತೆಗೆದು ನೋಡಿ. ಅದು ಒದ್ದೆ ಇದ್ದರೆ ಎಳೆಸ್ಕೊಂಡೇ ಹೋಗಿ.

ತುಂಗಾ ಸೇತುವೆ
ಎಲೆಕ್ಟ್ರಿಕ್ ಯಾರೂ ಹೇಳಿಲ್ಲ. ಟಿಯಾಗೊ ಇವಿ ಸೆಕೆಂಡ್ ಹ್ಯಾಂಡ್ ಈ ಬಜೆಟ್ಟಿಗೆ ಬರಬಹುದು. ಕ್ಲಚ್ ಇಲ್ಲ, ಆಯಿಲ್ ಇಲ್ಲ, ಏರಿಗೆ ಎಳೆತ ಚಂದ.

ಜಡಿಮಳೆ
ಓಡಾಟಕ್ಕೆ ಹೊಂದುತ್ತೆ, ಮನೆಯ ಕರೆಂಟು ಹೊಂದುತ್ತಾ ನೋಡಿ. ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಲೈನ್ ಇರಲ್ಲ. 15 ಆಂಪಿಯರಿನ ಪ್ಲಗ್‌ಗೆ ಅರ್ಥಿಂಗ್ ಸರಿ ಇಲ್ಲದಿದ್ದರೆ ಚಾರ್ಜರ್ ಒಪ್ಪಲ್ಲ. ಎರಡನೇ ಕಾರಾಗಿ ಆದ್ರೆ ನಾನೂ ಹೂಂ ಅಂತೀನಿ. ಆಸ್ಪತ್ರೆಗೂ ಅದೇ, ಶಾಲೆಗೂ ಅದೇ ಅಂದ್ರೆ ಈಗಲೇ ಬೇಡ. ಮತ್ತೆ ಆಗುಂಬೆಯಲ್ಲಿ ಬ್ಯಾಟರಿ ಪೂರ್ತಿ ತುಂಬಿಸಿ ಇಳಿದರೆ ಮೋಟಾರಿನ ಹಿಡಿತ ಕಮ್ಮಿ ಸಿಗುತ್ತೆ, ಆ ಹಿಡಿತದಿಂದ ಹುಟ್ಟೋ ಕರೆಂಟು ತುಂಬೋಕೆ ಬ್ಯಾಟರಿಯಲ್ಲಿ ಜಾಗ ಇರಲ್ಲ. ಅದು ಗೊತ್ತಿರಲಿ.

ತೋಟದ ದಾರಿ
ಈಗ ಉಳಿದಿದ್ದು ವ್ಯಾಗನ್ ಆರ್ 1.2, ಪಂಚ್ ಎರಡೇ, ಎರಡೂ ಮ್ಯಾನ್ಯುಯಲ್. ಕೊನೆಯ ಏರಿನದ್ದೇ ಹೆದರಿಕೆ. ಮುಂದಿನ ಚಕ್ರದ ಎಳೆತದ ಕಾರು ಜಾರು ಏರು ಹತ್ತುತ್ತಾ?

ಬಸರೀಕಟ್ಟೆ ತಿರುವು
ಹತ್ತುವಾಗ ಭಾರ ಹಿಂದಕ್ಕೆ ಹೋಗುತ್ತೆ, ಎಳೆಯೋ ಮುಂದಿನ ಚಕ್ರ ಹಗುರ ಆಗುತ್ತೆ. ಹಿಂದೆ ಮೂರು ಜನ, ಡಿಕ್ಕಿಯಲ್ಲಿ ಸಾಮಾನು ಇದ್ದರೆ ಇನ್ನೂ ಕಷ್ಟ. ಸಿಕ್ಕಿಹಾಕ್ಕೊಂಡಾಗ ರಿವರ್ಸಲ್ಲಿ ಹತ್ತಿಸಿದರೆ ಭಾರ ಎಳೆಯೋ ಚಕ್ರದ ಮೇಲೇ ಬೀಳುತ್ತೆ, ಎಷ್ಟೋ ಸಲ ಹಾಗೆ ಹತ್ತುತ್ತೆ. ಹಿಂದೆ ಒಬ್ಬರು ನಿಂತು ದಾರಿ ತೋರಿಸಬೇಕು.

ಆದ್ರೆ ದಿನಾ ಹಾಗೆ ಮಾಡೋಕಾಗಲ್ಲ. ಪಂಚ್ ಟಾಪ್ ಮಾಡೆಲ್‌ಗೆ ಹಾಕೋ ಹೆಚ್ಚಿನ ದುಡ್ಡನ್ನ ಆ ಏರಿಗೆ ಹಾಕಿ. 200 ಮೀಟರ್ ಪೂರ್ತಿ ಬೇಡ, ತೀರಾ ಕಡಿದಾದ 40 ಮೀಟರಿಗೆ ಚಕ್ರ ಓಡೋ ಎರಡು ಪಟ್ಟಿ ಕಾಂಕ್ರೀಟ್. ಒಂದೊಂದು ಪಟ್ಟಿ ಎರಡು ಅಡಿ ಅಗಲ, ಐದು ಇಂಚು ದಪ್ಪ. ಒಟ್ಟು 6 ಘನ ಮೀಟರ್ ಚಿಲ್ಲರೆ ಕಾಂಕ್ರೀಟ್, 1:2:4 ಹದಕ್ಕೆ (ಸಿಮೆಂಟ್, ಮರಳು, ಜಲ್ಲಿ) 40 ಮೂಟೆ ಸಿಮೆಂಟ್ ಹತ್ತಿರ. ಹಸಿ ಇರುವಾಗಲೇ ಅಡ್ಡಡ್ಡ ಗೆರೆ ಎಳೆಯಿರಿ. ನಯ ಮಾಡಿಸಿದರೆ ಒಂದೇ ಮಳೆಗಾಲಕ್ಕೆ ಹಾವಸೆ ಕಟ್ಟಿ ಮಣ್ಣಿಗಿಂತ ಕೆಟ್ಟದಾಗಿ ಜಾರುತ್ತೆ. ಮೇಲ್ಗಡೆ ದರೆ ಬುಡದಲ್ಲಿ ಬಸಿಗಾಲುವೆ ತೆಗೆಸಿ ನೀರನ್ನ ಪಕ್ಕಕ್ಕೆ ತಿರುಗಿಸದಿದ್ದರೆ ಪಟ್ಟಿಯ ಕೆಳಗಿನ ಮಣ್ಣು ಕೊಚ್ಚಿಹೋಗಿ ತುಂಡಾಗುತ್ತೆ.

ಒಂದೇ ಮಾತು
ಕಾಂಕ್ರೀಟ್ ಹಾಕ್ತೀರಿ ಅಂದ್ರೆ ಬೊಲೆರೊ ಬೇಡ, ವ್ಯಾಗನ್ ಆರ್ ಸಾಕು. ಇದು ಒಪ್ಪಿದೆ.

ಕೆಎ 15
ಪಂಚ್. ಮಕ್ಕಳಿದ್ದಾರೆ ಅಂತ ಮತ್ತೆ ನೆನಪಿಸ್ತೀನಿ. ಎರಡನ್ನೂ ಐದು ಜನ ಕೂತು ಅದೇ ಏರಿಗೆ ತಂದು ನೋಡಿ, ಶೋರೂಮಿನವರು ಬರಲ್ಲ ಅಂದ್ರೆ ಬುಕಿಂಗ್ ಮಾಡಲ್ಲ ಅನ್ನಿ.

ತೋಟದ ದಾರಿ
ಸರಿ. ನಾಳೆ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ಐದೂ ಸಾಮಾನು ಕೇಳಿ ಬಂದು ಇಲ್ಲೇ ಬರೀತೀನಿ. ಎರಡು ಪಟ್ಟಿಯ ನಡುವೆ ಎಷ್ಟು ಬಿಡಬೇಕು?

ಬಸರೀಕಟ್ಟೆ ತಿರುವು
ಎರಡೂಮುಕ್ಕಾಲು ಅಡಿ. ಆಗ ಪಟ್ಟಿಯ ನಡುವಿನಿಂದ ನಡುವಿಗೆ ನಾಲ್ಕೂಮುಕ್ಕಾಲು ಆಗುತ್ತೆ, ವ್ಯಾಗನ್ ಆರ್‌ಗೂ ಸರಿ, ಪಂಚ್‌ಗೂ ಸರಿ. ತಿರುವು ಇದ್ದ ಕಡೆ ಒಳಗಿನ ಪಟ್ಟಿ ಮೂರು ಅಡಿ ಅಗಲ ಮಾಡಿಸಿ, ಹಿಂದಿನ ಚಕ್ರ ಒಳಗೆ ಕತ್ತರಿಸ್ಕೊಂಡು ಬರುತ್ತೆ.